ಸೆರೆಮನೆಯಲ್ಲಿ ಸೊರಗಿದ ದನಿ: ಸ್ನೇಹಲತಾ ರೆಡ್ಡಿ

ಪ್ರತಿವರ್ಷ ಜನವರಿ 24ರಂದು ನಮ್ಮ ಧರ್ಮಸಭೆಯು ಸಂತ ಫ್ರಾನ್ಸಿಸ್ ಡಿ ಸೇಲ್ಸರ ಹಬ್ಬವನ್ನು ಆಚರಿಸುತ್ತದೆ. ಜಿನೀವಾದ ಧರ್ಮಾಧ್ಯಕ್ಷರಾಗಿದ್ದ ಈ ಮಹನೀಯರನ್ನು ಜಗದ್ಗುರು 11ನೆಯ ಪಿಯುಸ್ ಅವರು 1923ರಲ್ಲಿ ಬರಹಗಾರರ ಹಾಗೂ ಪತ್ರಕರ್ತರ ಪಾಲಕ ಸಂತರೆಂದು ಘೋಷಿಸಿದರು. ತಮ್ಮ ಬೋಧನೆಯನ್ನು ಕೇಳಲು ಬಾರದ ಜನರ ಮನೆಬಾಗಿಲ ಸಂದಿಯಲ್ಲಿ ಬರೆದ ಹಾಳೆಗಳನ್ನು ತೂರಿಸಿ ಬರುತ್ತಿದ್ದ ಗುರುಗಳು ಅವರು. ಎದುರಾಳಿಯ ಮತವನ್ನು ಅವರು ಖಂಡಿಸಿದರು, ಎದುರಾಳಿಯನ್ನು ಹೀಯಾಳಿಸಲಿಲ್ಲ. ಈ ಹಬ್ಬಕ್ಕೆ ನಾಲ್ಕು ದಿನ ಮುಂಚೆ, ಜನವರಿ 20ರಂದು, ಇನ್ನೊಂದು ಸ್ಮರಣೆಯ ದಿನ ಬರುತ್ತದೆ. ಅದು ನಮ್ಮ ಪೂಜಾ ಪಂಚಾಂಗದಲ್ಲಿ ಇಲ್ಲ. 1977ರ ಆ ದಿನ ಸ್ನೇಹಲತಾ ರೆಡ್ಡಿ ಎಂಬ ನಟಿ, ಸೆರೆಮನೆಯಿಂದ ಹೊರಬಂದ ಐದೇ ದಿನಗಳಲ್ಲಿ, ಕೊನೆಯುಸಿರೆಳೆದರು.

ಅವರು ಸಂತರಲ್ಲ, ಅವರಿಗೆ ಪ್ರಭಾವಳಿ ತೊಡಿಸುವ ಉದ್ದೇಶವೂ ನಮಗಿಲ್ಲ. ಆದರೆ ಸರಕಾರವನ್ನೂ ಧರ್ಮವನ್ನೂ ಟೀಕಿಸುವ ಮಾತಿಗೆ ಗೆರೆಯನ್ನು ಎಲ್ಲಿ ಎಳೆಯಬೇಕು, ಯಾರು ಎಳೆಯಬೇಕು ಎಂಬ ಪ್ರಶ್ನೆ ನಮ್ಮ ಕುಟುಂಬಗಳಲ್ಲಿ ಮತ್ತೆ ಮತ್ತೆ ಏಳುತ್ತಿರುವಾಗ, ಆ ಪ್ರಶ್ನೆಯ ಎರಡು ಮುಖಗಳನ್ನೂ ಒಂದೇ ಜೀವಿತದಲ್ಲಿ ಕಂಡವರು ಇವರು. ಆದುದರಿಂದ ಈ ವಾರ ಅವರ ಬಾಳನ್ನು ನೆನೆಯೋಣ.

ಸ್ನೇಹಲತಾ ಜನಿಸಿದ್ದು 1932ರಲ್ಲಿ, ಆಂಧ್ರ ಸೀಮೆಯ ಒಂದು ಕ್ರೈಸ್ತ ಕುಟುಂಬದಲ್ಲಿ. ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿ ಹೆಚ್ಚು ಕಾಲವಾಗದಿದ್ದ ಮನೆತನ ಅದು. ಬ್ರಿಟಿಷರ ದೊರೆತನವನ್ನು ತರುಣಿ ಸ್ನೇಹಲತಾ ಮನಸಾರೆ ವಿರೋಧಿಸಿದರು. ಭಾರತೀಯ ಹೆಸರಿಗೆ ಮರಳಿದರು. ಭಾರತೀಯ ಉಡುಪನ್ನಷ್ಟೇ ತೊಟ್ಟರು. ಯೇಸುಸ್ವಾಮಿಯನ್ನು ಒಪ್ಪಿಕೊಳ್ಳುವುದೇ ಬೇರೆ, ಪರದೇಶದ ದೊರೆಗಳ ನಡೆಯುಡುಗೆಗಳನ್ನು ಒಪ್ಪಿಕೊಳ್ಳುವುದೇ ಬೇರೆ ಎಂಬ ಮಾತು ಇಂದು ನಮಗೆ ಸಹಜವೆನಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಬಲಿಪೂಜೆಯನ್ನು ಕನ್ನಡದಲ್ಲಿಯೇ ಅರ್ಪಿಸುತ್ತ ಬಂದಿರುವ ನಮಗೆ ಅದರಲ್ಲಿ ಹೊಸದೇನೂ ಕಾಣದು. ಆದರೆ ಅವರ ಎಳೆತನದಲ್ಲಿ ಅದು ತನ್ನವರನ್ನೇ ಪ್ರಶ್ನಿಸುವ ನಡೆಯಾಗಿತ್ತು. ಅವರ ಮೊದಲ ಟೀಕೆ ಹೀಗೆ ನಮ್ಮ ಅಂಗಳಕ್ಕೇ ಮುಟ್ಟುವಂಥದು.

ಅವರು ನೃತ್ಯವನ್ನು ಕಲಿತರು; ರಂಗಭೂಮಿಗೆ ಬಂದರು. ಇಂಗ್ಲಿಷ್ ನಾಟಕಗಳನ್ನಾಡುತ್ತಿದ್ದ ಮದ್ರಾಸ್ ಪ್ಲೇಯರ್ಸ್ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿಯವರನ್ನು ವಿವಾಹವಾದರು. ದಂಪತಿಗಳಿಬ್ಬರೂ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಒಲಿದವರು. ಜಾತಿಯ ಏಣಿಯನ್ನು ಮುರಿಯದೆ ಪ್ರಜಾಪ್ರಭುತ್ವ ನಿಲ್ಲಲಾರದೆಂಬ ಲೋಹಿಯಾ ಅವರ ನಂಬಿಕೆ ಈ ಮನೆಯ ನಂಬಿಕೆಯೂ ಆಯಿತು.

ಕನ್ನಡಿಗರು ಸ್ನೇಹಲತಾ ಅವರನ್ನು ಅರಿತುಕೊಂಡದ್ದು 1970ರಲ್ಲಿ ತೆರೆಗೆ ಬಂದ ‘ಸಂಸ್ಕಾರ’ ಚಿತ್ರದಿಂದ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ನಿರ್ದೇಶಿಸಿದವರು ಪಟ್ಟಾಭಿರಾಮ ರೆಡ್ಡಿ. ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾಗಿ, ಪಿ. ಲಂಕೇಶರು ನಾರಣಪ್ಪನಾಗಿ, ಸ್ನೇಹಲತಾ ಅವರು ಚಂದ್ರಿಯಾಗಿ ನಟಿಸಿದರು. ಕಥೆ ಹಲವರಿಗೆ ಗೊತ್ತಿರುವುದೇ. ಆಚಾರಗೆಟ್ಟವನೆನಿಸಿದ ನಾರಣಪ್ಪ ಅಗ್ರಹಾರದಲ್ಲಿ ಸಾಯುತ್ತಾನೆ. ಅವನ ಶವಸಂಸ್ಕಾರವನ್ನು ಯಾರು ಮಾಡಬೇಕು, ಮಾಡಬಹುದೇ ಎಂಬ ತರ್ಕದಲ್ಲಿ ಇಡೀ ಅಗ್ರಹಾರ ಮುಳುಗುತ್ತದೆ, ಹೆಣ ಕೊಳೆಯುತ್ತದೆ. ಅವನೊಡನೆ ಬಾಳಿದ ಕೀಳುಜಾತಿಯ ಹೆಣ್ಣು ಚಂದ್ರಿ ತನ್ನ ಮೈಮೇಲಿನ ಬಂಗಾರವನ್ನು ಸಂಸ್ಕಾರದ ಖರ್ಚಿಗೆಂದು ಇಳಿಸಿಡುತ್ತಾಳೆ. ಆ ಬಂಗಾರ ಇನ್ನಷ್ಟು ಆಸೆಯನ್ನು ಕೆರಳಿಸುತ್ತದೆಯೇ ಹೊರತು ಹೆಣ ಮೇಲೇಳುವುದಿಲ್ಲ. ಕೊನೆಗೆ ಒಬ್ಬ ಮುಸಲ್ಮಾನ ವ್ಯಾಪಾರಿಯ ನೆರವಿನಿಂದ ಚಂದ್ರಿಯೇ ರಾತ್ರಿಯಲ್ಲಿ ಆ ದೇಹವನ್ನು ಬೆಂಕಿಗೆ ಒಪ್ಪಿಸುತ್ತಾಳೆ.

ಮದ್ರಾಸಿನ ಸೆನ್ಸಾರ್ ಮಂಡಳಿ ಈ ಚಿತ್ರಕ್ಕೆ ಅನುಮತಿ ನಿರಾಕರಿಸಿತು. ಇದರಿಂದ ಒಂದು ಸಮುದಾಯದ ಭಾವನೆಗೆ ಪೆಟ್ಟಾದೀತು, ಶಾಂತಿ ಕದಡೀತು ಎಂಬುದು ಅದರ ಭಯ. ಚಿತ್ರತಂಡ ಮೇಲಿನವರಿಗೆ ಮೊರೆಯಿಟ್ಟ ಬಳಿಕ ಆ ನಿಷೇಧ ತೆರವಾಯಿತು. ಚಿತ್ರ ಬಿಡುಗಡೆಯಾಯಿತು, ಶಾಂತಿ ಕದಡಲಿಲ್ಲ. 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವೂ ಬಂತು. ಕನ್ನಡಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು.

ಇದು ಬೇರೊಂದು ಧರ್ಮದವರ ಮನೆಯ ಜಗಳ, ನಮಗೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಸತ್ತವರನ್ನು ಹೂಳುವುದು ನಮ್ಮಲ್ಲಿ ದಯಾಕಾರ್ಯಗಳಲ್ಲೊಂದು. ಅರಸನ ಕೋಪಕ್ಕೆ ಗುರಿಯಾಗಿಯೂ ತನ್ನವರ ಹೆಣಗಳನ್ನು ಹೂಳಿದ ತೋಬಿತನ ಕಥೆಯನ್ನು ನಾವು ಪವಿತ್ರ ಗ್ರಂಥದಲ್ಲಿ ಓದುತ್ತೇವೆ. ಗಾಯಗೊಂಡು ಬಿದ್ದವನನ್ನು ಯಾಜಕನೂ ಲೇವಿಯನೂ ದಾಟಿಹೋದರು, ಕೀಳೆಂದೆನಿಸಿಕೊಂಡ ಸಮಾರಿಯದವನೇ ಎತ್ತಿಕೊಂಡನು ಎಂಬ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ಧರ್ಮಶಾಸ್ತ್ರಿಯೊಬ್ಬನ ಮುಖಕ್ಕೇ. ಅದನ್ನು ಕೇಳಿ ಯಾಜಕವರ್ಗದವರ ಮನಸ್ಸು ನೋಯಲಿಲ್ಲವೆಂದು ಯಾರು ಹೇಳಬಲ್ಲರು? ಅಷ್ಟೇಕೆ, 1917ರ ನಮ್ಮ ಧರ್ಮಸಭಾ ಶಾಸನವು ತಿಳಿದು ತಿಳಿದು ಆತ್ಮಹತ್ಯೆ ಮಾಡಿಕೊಂಡವರಿಗೆ ಸಭೆಯ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಹೊಸ ಶಾಸನದಲ್ಲಿ ಆ ನಿಷೇಧವಿಲ್ಲ. ಅದಕ್ಕೂ ಮುಂಚೆ ಮಗನನ್ನೋ ಮಗಳನ್ನೋ ಹಾಗೆ ಕಳೆದುಕೊಂಡು, ಸ್ಮಶಾನದ ಬಾಗಿಲಲ್ಲಿ ತಡೆಯಲ್ಪಟ್ಟ ತಂದೆತಾಯಿಗಳ ಸಂಕಟ ಎಷ್ಟಿದ್ದಿರಬಹುದು! ಅಗ್ರಹಾರದ ಪ್ರಶ್ನೆ ನಮ್ಮದೂ ಆಗಿತ್ತು. ಆಚಾರವನ್ನು ಪ್ರಶ್ನಿಸುವವರ ಬಾಯಿಯನ್ನು ಶಾಂತಿಯ ಹೆಸರಿನಲ್ಲಿ ಮುಚ್ಚಿಸಿದ್ದರೆ ಆ ಬಾಗಿಲು ತೆರೆಯುತ್ತಿತ್ತೇ?

ಧರ್ಮದ ವಿಷಯದಲ್ಲಿ ಸ್ನೇಹಲತಾ ಎದುರಿಸಿದ ತಡೆ ಕೆಲಕಾಲದ್ದು. ಸರಕಾರದ ವಿಷಯದಲ್ಲಿ ಹಾಗಾಗಲಿಲ್ಲ. 1975ರ ಜೂನ್ 25ರ ರಾತ್ರಿ ದೇಶದಲ್ಲಿ ಆಂತರಿಕ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಮೀಸಾ ಎಂದು ಹೆಸರಾದ ಆಂತರಿಕ ಭದ್ರತಾ ಕಾಯ್ದೆಯಡಿ ವಿಚಾರಣೆಯಿಲ್ಲದೆ, ಕಾರಣವನ್ನೂ ತಿಳಿಸದೆ ಜನರನ್ನು ಬಂಧಿಸಿಡಲಾಯಿತು. ಹೀಗೆ ಬಂಧಿತರಾದವರು ನ್ಯಾಯಾಲಯದ ಮೊರೆ ಹೊಗಬಹುದೇ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 1976ರ ಏಪ್ರಿಲ್ 28ರಂದು, ಜಬಲ್ಪುರ ಪ್ರಕರಣದಲ್ಲಿ, ತುರ್ತು ಪರಿಸ್ಥಿತಿ ಇರುವವರೆಗೆ ಆಗದೆಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ದಾಖಲಿಸಿದರು. ಆ ತೀರ್ಪು ಬಂದು ನಾಲ್ಕನೆಯ ದಿನಕ್ಕೆ, 1976ರ ಮೇ 2ರಂದು, ಸ್ನೇಹಲತಾ ಅವರ ಬಂಧನವಾಯಿತು.

ಆಪಾದನೆ ಬರೋಡಾ ಡೈನಮೈಟ್ ಪ್ರಕರಣದ್ದು. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫೆರ್ನಾಂಡಿಸ್ ಅವರು ಸಿಡಿಮದ್ದುಗಳನ್ನು ಸಂಗ್ರಹಿಸಿ ಸರಕಾರಿ ವ್ಯವಸ್ಥೆಗಳನ್ನು ಹಾಳುಗೆಡಹುವ ಸಂಚು ಹೂಡಿದ್ದಾರೆಂಬುದು ಸರಕಾರದ ವಾದ. ಸ್ನೇಹಲತಾ ಅವರ ಸ್ನೇಹಿತರು. ಜಾರ್ಜ್ ನಮ್ಮವರೇ, ಮಂಗಳೂರಿನ ಕಥೋಲಿಕ ಮನೆಯ ಮಗ. ಗುರುಗಳಾಗಬೇಕೆಂದು ಹದಿನಾರನೆಯ ವಯಸ್ಸಿಗೆ ಬೆಂಗಳೂರಿನ ಸಂತ ಪೇತ್ರರ ಗುರುಮಠಕ್ಕೆ ಸೇರಿ ತತ್ವಶಾಸ್ತ್ರವನ್ನು ಓದಿದವರು. ಹಿರಿಯ ಗುರುಗಳ ಮೇಜಿನ ಊಟವೇ ಬೇರೆ, ವಿದ್ಯಾರ್ಥಿಗಳ ಊಟವೇ ಬೇರೆ ಎಂಬುದನ್ನು ಕಂಡು ಬೇಸತ್ತು ಹೊರಟುಹೋದವರು. ಅವರನ್ನು ಹುಡುಕುತ್ತಿದ್ದ ಪೊಲೀಸರು ಅವರ ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆಗೆ ಗುರಿಮಾಡಿದ್ದೂ ಅದೇ ಮೇ ತಿಂಗಳಲ್ಲಿ.

ಇಲ್ಲಿ ನಾವು ಒಂದು ಮಾತನ್ನು ನೇರವಾಗಿ ಹೇಳಬೇಕು. ಸಿಡಿಮದ್ದು ಮಾತಲ್ಲ. ರೈಲುಹಳಿಯನ್ನೋ ಸೇತುವೆಯನ್ನೋ ಹಾರಿಸಹೊರಡುವುದು, ಎಂಥ ದಬ್ಬಾಳಿಕೆಯ ವಿರುದ್ಧವೇ ಆಗಲಿ, ವಾಕ್ ಸ್ವಾತಂತ್ರ್ಯದ ನೆರಳಿನಲ್ಲಿ ಆಶ್ರಯ ಪಡೆಯಲಾರದು. ಯಾರಿಗೂ ಪ್ರಾಣಹಾನಿಯಾಗಬಾರದೆಂಬ ಎಚ್ಚರ ಅದರ ಹಿಂದೆ ಇದ್ದರೂ ಅಷ್ಟೇ. ಸರಕಾರವು ಅಂಥ ಕೃತ್ಯವನ್ನು ತಡೆಯಬೇಕು, ವಿಚಾರಣೆಗೆ ಒಳಪಡಿಸಬೇಕು. ಅದು ಅದರ ಕರ್ತವ್ಯ. ಆದರೆ ವಿಚಾರಣೆಯೆಂಬುದು ಒಂದಿದೆಯಷ್ಟೇ? ತನಿಖೆ ಮುಗಿದು ಸರಕಾರವೇ ಸಿದ್ಧಪಡಿಸಿದ ಕೊನೆಯ ಆರೋಪಪಟ್ಟಿಯಲ್ಲಿ ಜಾರ್ಜ್ ಹಾಗೂ ಇತರ 24 ಮಂದಿಯ ಹೆಸರಿತ್ತು. ಸ್ನೇಹಲತಾ ಅವರ ಹೆಸರಿರಲಿಲ್ಲ. ಆಪಾದನೆ ಕಳಚಿಬಿದ್ದ ಮೇಲೂ ಬಿಡುಗಡೆ ಬರಲಿಲ್ಲ. ಮೀಸಾ ಕಾಯ್ದೆಯಡಿ ಅವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಿಯೇ ಇದ್ದರು. ಕೃತ್ಯಕ್ಕಾಗಿ ಹಿಡಿದವರನ್ನು ಕೃತ್ಯವಿಲ್ಲವೆಂದು ಗೊತ್ತಾದ ಬಳಿಕವೂ ಬಿಡದಿದ್ದರೆ, ಉಳಿಯುವ ಅಪರಾಧ ಯಾವುದು? ಅವರ ಅಭಿಪ್ರಾಯ, ಅವರ ಸ್ನೇಹ, ಇವೆರಡೇ.

ಸೆರೆವಾಸ ಎಂಟು ತಿಂಗಳು. ಅವರಿಗೆ ಬಹುಕಾಲದ ಉಬ್ಬಸ ರೋಗ. ಬೇಕಾದಾಗ ಬೇಕಾದ ಚಿಕಿತ್ಸೆ ದೊರೆಯಲಿಲ್ಲ. ಅದೇ ಸೆರೆಮನೆಯಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆಯವರು, ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀರಾಟ ತಮ್ಮ ಕೋಣೆಗೆ ಕೇಳಿಬರುತ್ತಿತ್ತೆಂದು ಮುಂದೆ ನೆನಪಿಸಿಕೊಂಡಿದ್ದಾರೆ. ಇಂಥ ಸ್ಥಿತಿಯಲ್ಲಿಯೂ ಸ್ನೇಹಲತಾ ದಿನಚರಿ ಬರೆದರು. ಸೆರೆಮನೆಗೆ ಬರುವ ಹೆಣ್ಣುಮಕ್ಕಳ ಬಟ್ಟೆ ಬಿಚ್ಚಿಸಿ ಎಲ್ಲರೆದುರು ಶೋಧಿಸುವ ಪದ್ಧತಿಯನ್ನು ಅದರಲ್ಲಿ ಖಂಡಿಸಿದರು. ಶಿಕ್ಷೆಯೇ ಸಾಲದೆ ದೇಹಕ್ಕೂ ಅವಮಾನವಾಗಬೇಕೇ ಎಂದು ಕೇಳಿದರು. ಕಳ್ಳತನಕ್ಕೋ ಇನ್ನಾವುದಕ್ಕೋ ಒಳಬಂದಿದ್ದ, ಯಾವ ರಾಜಕೀಯವೂ ತಿಳಿಯದ ಬಡ ಹೆಂಗಸರಿಗೆ ಆಟ, ಹಾಡುಗಳನ್ನು ಕಲಿಸಿದರು; ಅವರ ಮೇಲೆ ನಡೆಯುತ್ತಿದ್ದ ಹೊಡೆತಗಳನ್ನು ಪ್ರತಿಭಟಿಸಿದರು. ತೆರೆಯ ಮೇಲಿನ ಚಂದ್ರಿ ಸತ್ತವನ ಮಾನಕ್ಕಾಗಿ ಬಂಗಾರ ಬಿಚ್ಚಿಟ್ಟವಳು. ಸೆರೆಯೊಳಗಿನ ಸ್ನೇಹಲತಾ ಬದುಕಿದ್ದವರ ಮಾನಕ್ಕಾಗಿ ಉಳಿದಿದ್ದ ಉಸಿರನ್ನು ಖರ್ಚು ಮಾಡಿದರು.

ಆರೋಗ್ಯ ತೀರ ಕುಸಿದಾಗ, 1977ರ ಜನವರಿ 15ರಂದು, ಪೆರೋಲ್ ಮೇಲೆ ಅವರನ್ನು ಹೊರಗೆ ಬಿಟ್ಟರು. ಜನವರಿ 18ರಂದು ಪ್ರಧಾನಿ ಇಂದಿರಾ ಗಾಂಧಿಯವರು ಲೋಕಸಭಾ ಚುನಾವಣೆಯನ್ನು ಪ್ರಕಟಿಸಿದರು. ಸೆರೆಮನೆಗಳ ಬಾಗಿಲುಗಳು ತೆರೆಯತೊಡಗಿದವು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಕೊನೆಗೊಂಡಿತು. ಅವರ ಸೆರೆಮನೆಯ ದಿನಚರಿ ಅದೇ ವರ್ಷ ಪುಸ್ತಕವಾಗಿ ಬಂತು. ಮರುವರ್ಷ ಮೀಸಾ ಕಾಯ್ದೆ ರದ್ದಾಯಿತು. ತುರ್ತು ಪರಿಸ್ಥಿತಿಯಲ್ಲಿಯೂ ಜೀವದ ಹಕ್ಕನ್ನು ಅಮಾನತಿನಲ್ಲಿಡಲಾಗದೆಂದು ಸಂವಿಧಾನಕ್ಕೆ 44ನೆಯ ತಿದ್ದುಪಡಿ ಬಂತು. ಜಬಲ್ಪುರ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವೇ 2017ರ ಆಗಸ್ಟ್ 24ರಂದು ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ತಪ್ಪನ್ನು ತಿದ್ದಿಕೊಳ್ಳಲು ನಾಲ್ವತ್ತೊಂದು ವರ್ಷ ಹಿಡಿಯಿತು.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಚಿತ್ರವನ್ನು ತಡೆದವರೂ ನಟಿಯನ್ನು ಬಂಧಿಸಿದವರೂ ಹೇಳಿದ ಕಾರಣ ಒಂದೇ: ಸಮಾಜದ ಶಾಂತಿ. ಶಾಂತಿ ದೊಡ್ಡದು, ಅದಕ್ಕಾಗಿ ನಾವು ಪ್ರತಿ ಬಲಿಪೂಜೆಯಲ್ಲಿಯೂ ಪ್ರಾರ್ಥಿಸುತ್ತೇವೆ. ಹಾಗೆಂದು ಮಾತಿಗೆ ಮಿತಿಯೇ ಇಲ್ಲವೆಂದು ನಾವು ಹೇಳುವುದಿಲ್ಲ. 1963ರಲ್ಲಿ ಜಗದ್ಗುರು 23ನೆಯ ಯೊವಾನ್ನರು ಲೋಕಶಾಂತಿಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಸತ್ಯವನ್ನು ಅರಸುವ ಹಾಗೂ ತನ್ನ ಅಭಿಪ್ರಾಯವನ್ನು ಪ್ರಕಟಿಸುವ ಹಕ್ಕು ಮಾನವನಿಗೆ ಸಹಜವಾದುದೆಂದು ಹೇಳಿ, ನೀತಿ ಮತ್ತು ಸರ್ವರ ಹಿತ ಎಂಬ ಎರಡು ಎಲ್ಲೆಗಳನ್ನು ಅದಕ್ಕೆ ಗೊತ್ತುಪಡಿಸಿದರು. ಧರ್ಮಸಭೆ ತಾನೇ ಈ ಪಾಠವನ್ನು ನಿಧಾನವಾಗಿ ಕಲಿಯಿತು. 1559ರಿಂದ ಜಾರಿಯಲ್ಲಿದ್ದ ನಿಷಿದ್ಧ ಗ್ರಂಥಗಳ ಪಟ್ಟಿಯನ್ನು ಅದು ಕೈಬಿಟ್ಟದ್ದು 1966ರಲ್ಲಿ.

ಎಲ್ಲೆಯನ್ನು ಗುರುತಿಸುವುದು ಹೇಗೆ? ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದೆಂದು ನಮಗೆ ತೋರುತ್ತದೆ. ಆಡಿದ ಮಾತು ಸುಳ್ಳೆಂದು ತಿಳಿದೂ ಆಡಿದ್ದೇ? ಹಾಗಿದ್ದರೆ ಎಂಟನೆಯ ಆಜ್ಞೆ ಅದನ್ನು ನಿಷೇಧಿಸುತ್ತದೆ. ಅದು ಅಧಿಕಾರವನ್ನು, ಸಂಸ್ಥೆಯನ್ನು, ಆಚಾರವನ್ನು ಪ್ರಶ್ನಿಸುತ್ತದೆಯೋ, ಇಲ್ಲವೆ ಒಬ್ಬ ಮನುಷ್ಯನನ್ನೋ ಒಂದು ಜನವನ್ನೋ ಮನುಷ್ಯರೇ ಅಲ್ಲವೆಂಬಂತೆ ಹೀಗಳೆಯುತ್ತದೆಯೋ? ಮೊದಲನೆಯದನ್ನು ತಾಳಿಕೊಳ್ಳಬೇಕು; ಎರಡನೆಯದನ್ನು ಸಲ್ಲದೆನ್ನಬೇಕು. ಅದು ಕೇಳುವವನ ಕೈಗೆ ಕಲ್ಲು ಕೊಡುತ್ತದೆಯೇ? ಕೊಟ್ಟರೆ ಕಾನೂನು ತಡೆಯಲೇಬೇಕು. ನಮ್ಮ ಮನಸ್ಸಿಗೆ ನೋವಾಯಿತೇ ಎಂಬ ನಾಲ್ಕನೆಯ ಪ್ರಶ್ನೆಯನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ನೋವು ಸುಳ್ಳೆಂದು ಅದನ್ನು ಬಿಟ್ಟಿಲ್ಲ. ನೋವನ್ನೇ ಅಳತೆಗೋಲಾಗಿ ಮಾಡಿಕೊಂಡರೆ ಸಂಖ್ಯೆಯಲ್ಲಿ ದೊಡ್ಡವರ ನೋವಷ್ಟೇ ಕೇಳಿಸೀತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡರಷ್ಟೂ ಇಲ್ಲ. ಆ ಅಳತೆಗೋಲು ನಮ್ಮ ಶುಭಸಂದೇಶದ ಮಾತಿಗೇ ಮೊದಲು ತಾಗೀತು.

ನಮ್ಮ ನಡತೆಯನ್ನೂ ಈ ಬೆಳಕಿನಲ್ಲಿ ನೋಡಿಕೊಳ್ಳಬೇಕು. 2006ರಲ್ಲಿ ಯೇಸುಸ್ವಾಮಿಯ ಬಾಳನ್ನು ತಿರುಚಿದ ‘ದ ಡಾ ವಿಂಚಿ ಕೋಡ್’ ಚಿತ್ರ ಬಂದಾಗ ಅದನ್ನು ನಿಷೇಧಿಸಬೇಕೆಂದು ಕೂಗಿದವರಲ್ಲಿ ನಮ್ಮವರೂ ಇದ್ದರು. ಕೆಲವು ರಾಜ್ಯಗಳು ನಿಷೇಧಿಸಿಯೂ ಇದ್ದವು. ಬೇರೆಡೆ ಅದು ಕಲ್ಪಿತ ಕಥೆಯೆಂಬ ಸೂಚನೆಯೊಡನೆ ತೆರೆಗೆ ಬಂತು. ಅದರಿಂದ ನಮ್ಮ ಪೀಠಗಳು ಅಲುಗಲಿಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಆರಾಧನಾ ಮಠದ ಮೇಲೆ ದಾಳಿ ನಡೆದ ದಿನಗಳಲ್ಲಿ, ಬೇರೊಂದು ಪಂಗಡದ ಪುಸ್ತಿಕೆಯೊಂದು ಹಿಂದೂ ದೇವತೆಗಳನ್ನು ಅವಹೇಳನ ಮಾಡಿತೆಂಬ ಆರೋಪ ಕೇಳಿಬಂತು. ನೆರೆಯವರು ಕೈಮುಗಿಯುವ ದೇವರನ್ನು ಹೀಯಾಳಿಸುವುದು ಸುವಾರ್ತೆಯಲ್ಲ. ಹಾಗೆ ಯಾರೇ ಬರೆದರೂ ಅದನ್ನು ತಪ್ಪೆಂದು ಹೇಳಲು ನಾವು ಹಿಂಜರಿಯಬಾರದು. ಆದರೆ ಪುಸ್ತಿಕೆಗೆ ಉತ್ತರ ಪುಸ್ತಿಕೆಯೇ ಹೊರತು ಪ್ರಾರ್ಥನೆಯಲ್ಲಿದ್ದ ಕನ್ಯಾಸ್ತ್ರೀಯರ ಮಠಕ್ಕೆ ಬೀಸಿದ ಕಲ್ಲಲ್ಲ. ನಮ್ಮ ಊರಂತೂ ಇನ್ನೂ ಕಠೋರವಾದುದನ್ನು ಕಂಡಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲಿ ವಚನ ಸಾಹಿತ್ಯದ ವಿದ್ವಾಂಸ ಎಂ. ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಅವರ ಸಂಶೋಧನೆಯನ್ನು ಒಪ್ಪದವರಿಗೆ ಬರೆದು ಖಂಡಿಸುವ ದಾರಿ ತೆರೆದೇ ಇತ್ತು.

ಗುರುಮಠದಲ್ಲಿ ತತ್ವಶಾಸ್ತ್ರವನ್ನು ಓದುವಾಗ ಸಂತ ತೋಮಸ್ ಅಕ್ವಿನಾಸರ ಒಂದು ಪದ್ಧತಿ ನಮ್ಮನ್ನು ಬೆರಗುಗೊಳಿಸುತ್ತಿತ್ತು. ಪ್ರತಿಯೊಂದು ವಿಷಯದಲ್ಲಿಯೂ ಅವರು ಮೊದಲು ಬರೆಯುವುದು ಎದುರಾಳಿಯ ವಾದವನ್ನು, ಅದೂ ಆದಷ್ಟು ಬಲವಾಗಿ. ದೇವರಿದ್ದಾನೆಯೇ ಎಂಬ ಪ್ರಶ್ನೆಯಲ್ಲಿ ಕೂಡ ಇಲ್ಲವೆನ್ನುವವರ ಮಾತಿಗೇ ಮೊದಲ ಸ್ಥಾನ. ತನ್ನ ನಂಬಿಕೆಯಲ್ಲಿ ನೆಲೆನಿಂತವನು ಟೀಕಾಕಾರನಿಗೆ ಹೀಗೆ ಪೀಠವಿತ್ತು ಕೂರಿಸಬಲ್ಲನು.

ಈ ವಾರ ಮನೆಯಲ್ಲಿ ಜಪಸರ ಹಿಡಿದು ಕುಳಿತಾಗ, ಸಂತ ಫ್ರಾನ್ಸಿಸ್ ಡಿ ಸೇಲ್ಸರ ನೆನಪಿನೊಡನೆ, ಉಸಿರಿಗಾಗಿ ಪರದಾಡಿದ ಈ ತಾಯಿಯನ್ನೂ ನೆನೆಯೋಣ. ಅಂದಿನ ಮಾತುಕತೆಯಲ್ಲಿ ಮಕ್ಕಳು ಸರಕಾರವನ್ನೋ, ಧರ್ಮಸಭೆಯನ್ನೋ, ನಮ್ಮಂಥ ಗುರುಗಳನ್ನೋ ಪ್ರಶ್ನಿಸಿದರೆ, ಗದರಿಸಿ ಸುಮ್ಮನಾಗಿಸುವ ಮುಂಚೆ ಅವರು ಹೇಳುವುದು ನಿಜವೇ ಎಂದು ಒಮ್ಮೆ ಯೋಚಿಸೋಣ. ನಿಜವಾಗಿದ್ದರೆ ತಿದ್ದಿಕೊಳ್ಳೋಣ, ಅಲ್ಲವಾದರೆ ಸಮಾಧಾನದಿಂದ ಉತ್ತರಿಸೋಣ. ವಿಚಾರಣೆಯಿಲ್ಲದೆ ಬಂಧನದಲ್ಲಿರುವ ಎಲ್ಲರಿಗಾಗಿ, ಅವರು ಯಾವ ಧರ್ಮದವರೇ ಆಗಿರಲಿ, ಯಾವ ಪಕ್ಷದವರೇ ಆಗಿರಲಿ, ಒಂದು ನಮೋ ಮರಿಯ ಪ್ರಾರ್ಥನೆಯನ್ನು ಹೆಚ್ಚಾಗಿ ಸಲ್ಲಿಸೋಣ.